ಭಾವನೂ ಮೋಡವೂ

ಬೆಳುವಾಯಿಯ ನಮ್ಮ ಭಾವನಿಗೆ ಜೀವಮಾನದಲ್ಲಿ ಒಬ್ಬನೇ ಶತ್ರು: ಮೋಡ. ಅಂಗಳದಲ್ಲಿ ಅಡಿಕೆ ಹರವಿದವನಿಗೆ ಬೇರೆ ಶತ್ರು ಯಾಕೆ ಬೇಕು? ಕಾರ್ಕಳದ ಕಡೆ ಒಂಚೂರು ಕಪ್ಪು ಕಂಡರೂ ಊಟದ ಬಾಳೆಲೆ ಬಿಟ್ಟು ಓಡುವ ಮನುಷ್ಯ. ಅಂಥವನೆದುರು ಕೂತು, “ಅಂಗಡಿಯ ಲೆಕ್ಕವನ್ನು ಕ್ಲೌಡಿಗೆ ಹಾಕುವ” ಎಂದೆನಲ್ಲ, ನನ್ನ ಬುದ್ಧಿಗೆ ಏನೆನ್ನಬೇಕು!

“ಕ್ಲೌಡ್ ಎಂದರೆ ಮೋಡವೇ ಅಲ್ವಾ?”

“ಹೌದು.”

“ಮಳೆ ಬಂದರೆ?”

ಇಷ್ಟಕ್ಕೆಲ್ಲ ಮೂಲ ನಾನೇ. ಮಳೆಗಾಲದ ಹೊಸ್ತಿಲಿನ ಪತ್ತನಾಜೆಯ ಹೊತ್ತಿಗೆ ಬಡಿದ ಸಿಡಿಲು ಅಂಗಡಿಯ ಕಂಪ್ಯೂಟರನ್ನು ಸುಟ್ಟಿತು. “ಹೆದರಬೇಡ, ಪೆನ್‌ಡ್ರೈವಿನಲ್ಲಿ ಪ್ರತಿ ಉಂಟು” ಎಂದೆ. ಉಂಟು, ನಿಜ, ಅದೇ ಕಂಪ್ಯೂಟರಿಗೆ ಚುಚ್ಚಿಕೊಂಡೇ ಉಂಟು. ಅದೂ ಸಹಗಮನ ಮಾಡಿತ್ತು. ಕಡದ ಲೆಕ್ಕ ಹೋದ ಸುದ್ದಿ ಹಬ್ಬಿದ ವಾರ, ದಾರಿಯಲ್ಲಿ ಭಾವನಿಗೆ ನಮಸ್ಕಾರ ಹೇಳುವವರು ತುಂಬ ಹೆಚ್ಚಾದರು.

ಪಕ್ಕದ ಮೂಡುಬಿದಿರೆಯನ್ನು ನೋಡಿಯಾದರೂ ನಾನು ಕಲಿಯಬಹುದಿತ್ತು. ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಗ್ರಂಥಗಳ ತಾಳೆಗರಿಗಳು ಶತಮಾನಗಟ್ಟಲೆ ಅಲ್ಲಿನ ಬಸದಿಯಲ್ಲೇ ಜೋಪಾನವಾಗಿದ್ದವು. 19ನೇ ಶತಮಾನದ ಕೊನೆಗೆ ಪ್ರತಿ ಮಾಡಲು ಕೂತವರು ವರ್ಷಗಟ್ಟಲೆ ಬರೆದರು. ಒಂದು ಪ್ರತಿ ಸಹಾರನ್‌ಪುರದವರೆಗೂ ಹೋಯಿತು. 1939ರಲ್ಲಿ ಧವಲಾದ ಮೊದಲ ಸಂಪುಟ ಅಚ್ಚೂ ಆಯಿತು. ನನ್ನ ಪೆನ್‌ಡ್ರೈವ್ ಅಷ್ಟು ದೂರ ಹೋಗಬೇಕಿರಲಿಲ್ಲ, ಮೇಜಿನ ಖಾನೆಯವರೆಗೆ ಹೋಗಿದ್ದರೆ ಸಾಕಿತ್ತು.

ಇರಲಿ. ಭಾವನಿಗೆ ಶಾಮಿಯಾನದ ಉಪಮೆ ಕೊಟ್ಟೆ. ಮದುವೆಗೆ 300 ಕುರ್ಚಿ ಬೇಕೆಂದು ಯಾರೂ ಕೊಳ್ಳುವುದಿಲ್ಲ, ಬಾಡಿಗೆಗೆ ತರುತ್ತೇವೆ. 2006ರಲ್ಲಿ ಅಮೆಜಾನ್ ತನ್ನ ಕಂಪ್ಯೂಟರುಗಳನ್ನು ಹೀಗೇ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟಿತು, ಎಂದೆ.

“ಮದುವೆ ಮುಗಿದ ಮೇಲೆ ಬಿಚ್ಚಲು ಮರೆತರೆ?”

“ಬಾಡಿಗೆ ಓಡುತ್ತಲೇ ಇರುತ್ತದೆ.”

“ದಿನಾಲೂ ಮದುವೆ ಇರುವ ಮನೆಯವನು ಕುರ್ಚಿ ಕೊಂಡುಕೊಳ್ಳುವುದೇ ಲಾಭ ಅಲ್ವಾ ಮಾರಾಯ?”

ದೊಡ್ಡ ಕಂಪನಿಗಳವರು ತಲೆ ಕೆಡಿಸಿಕೊಳ್ಳುವುದೂ ಇದೇ ಪ್ರಶ್ನೆಗೆ. ನನಗೆ ಉತ್ತರ ಹೊಳೆಯದೆ ಅವಲಕ್ಕಿಗೆ ಕೈ ಹಾಕಿದೆ.

“ಅದಿರಲಿ, ಅವರ ಕಂಪ್ಯೂಟರ್ ಇರುವುದೆಲ್ಲಿ?”

“2016ರಿಂದ ಮುಂಬೈಯಲ್ಲೇ ಉಂಟು.”

“ಮುಂಬೈಯಾ! ಮೊದಲೇ ಹೇಳಬಾರದಾ? ಅಲ್ಲಿ ನಮ್ಮವರೇ ಇದ್ದಾರೆ. ಎಂತಾದರೂ ಆದರೆ ಅಂಧೇರಿಯ ಚಿಕ್ಕಪ್ಪನ ಮಗ ಹೋಗಿ ನೋಡ್ತಾನೆ.”

ಬಾಡಿಗೆ, ಬೀಗಮುದ್ರೆ, ಗುಟ್ಟು ಎಂದು ನಾನು ಬರೆದುಕೊಂಡು ಹೋಗಿದ್ದ ಎರಡು ಪುಟ ಜೇಬಿನಲ್ಲೇ ಉಳಿಯಿತು.

ಮೊನ್ನೆ ಹೋದಾಗ ಭಾವ ಕೆಂಪು ರಟ್ಟಿನ ಪುಸ್ತಕದಲ್ಲಿ ಪೆನ್ಸಿಲಿನಿಂದ ಕಡ ಬರೆಯುತ್ತಿದ್ದ. “ಮುಂಬೈ ಎಂತಾಯ್ತು?” ಎಂದೆ.

“ನೆಟ್ ಇಲ್ಲ. ಮೋಡ ಬಂತಲ್ಲ,” ಎಂದು ಆಕಾಶ ನೋಡಿದವನೇ ಎದ್ದ. “ಮಾತು ಮತ್ತೆ. ಮೊದಲು ಅಡಿಕೆ ಒಳಗೆ ಹಾಕುವ, ಬಾ.”