ಗಂಗಾಪುರ ನಿರ್ಣಯ: ಶಿಶುಸಹಿತ ಕ್ರಿಸ್‌ಮಸ್ ವಿಹಾರದ ಒಂದು ಶಾಸ್ತ್ರೀಯ ವಿವೇಚನೆ

ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಕ್ರಿಸ್‌ಮಸ್ ರಜೆಯಲ್ಲಿ ಎಲ್ಲಿಗೆ ಹೋಗಬೇಕು ಎಂಬ ಬಗ್ಗೆ ನಮ್ಮ ಪ್ರಾಚೀನರು ಮೌನ ವಹಿಸಿದ್ದಾರೆ. ಯಾತ್ರೆಗೆ ಯಾವ ದಿಕ್ಕು, ಯಾವ ವಾರ, ಯಾವ ನಕ್ಷತ್ರ ಎಂಬುದೆಲ್ಲ ಪಂಚಾಂಗದಲ್ಲಿದೆ. ಆದರೆ ಕಾರು ಹೊರಟ ಹನ್ನೊಂದನೆಯ ನಿಮಿಷಕ್ಕೆ ಮೂರು ವರ್ಷದ ಹುಡುಗ ಕಿರುಬೆರಳು ಎತ್ತಿದರೆ ಮಾಡಬೇಕಾದ್ದೇನು ಎಂದು ಯಾವ ಪುಟ ತಿರುವಿದರೂ ಸಿಗುವುದಿಲ್ಲ. ಈ ಕೊರತೆಯನ್ನು ತುಂಬಲು ಪ್ರಸ್ತುತ ಲೇಖಕನು ಸ್ವಂತ ಸಂಸಾರವನ್ನೇ ಪ್ರಯೋಗಶಾಲೆ ಮಾಡಿಕೊಂಡು, 2023ರ ಡಿಸೆಂಬರ್ 23, 24, 25ರಂದು ನಡೆಸಿದ ಕ್ಷೇತ್ರಕಾರ್ಯದ ಫಲಿತವನ್ನು ವಿದ್ವಾಂಸರ ಮುಂದಿಡುತ್ತಿದ್ದಾನೆ. ಶನಿ, ಭಾನು, ಸೋಮ ಹೀಗೆ ಸಾಲಾಗಿ ಕೂಡಿಬರುವುದು ಕಾಲಪುರುಷನ ದಯೆ. ಅದನ್ನು ಹೇಗೆ ಹಾಳು ಮಾಡಿದೆವು ಎಂಬುದೇ ಮುಂದಿನ ಕಥನ.

ಪ್ರಯೋಗಕ್ಕೆ ಒಳಗಾದವರು ನಾಲ್ವರು. ದೊಡ್ಡವಳಿಗೆ ಆರು ವರ್ಷ, ಚಿಕ್ಕವನಿಗೆ ಮೂರು. ಮೂರನೆಯವರು ಅವರ ತಾಯಿ, ನಾಲ್ಕನೆಯವರು ಧಾರವಾಡದಿಂದ ಬಂದಿದ್ದ ನನ್ನ ಅವ್ವ. ವಾಸ ನಾಸಿಕ್ ಬಳಿಯ ಓಝರ್. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಎಚ್‌ಎಎಲ್ 1964ರಲ್ಲಿ ಮಿಗ್ ವಿಮಾನಗಳಿಗಾಗಿ ಇಲ್ಲಿ ಕಾರ್ಖಾನೆ ತೆರೆದ ಲಾಗಾಯ್ತು ಕನ್ನಡಿಗರು ವರ್ಗವಾಗಿ ಬರುತ್ತಲೇ ಇದ್ದಾರೆ. ವಿಮಾನ ಹಾರಿಸುವ ಯೋಜನೆ ಕಾಗದದ ಮೇಲೆ ಬರೆದಂತೆಯೇ ನಡೆಯುತ್ತದೆ. ಅದೇ ಊರಿನಲ್ಲಿ ನಾಲ್ಕು ಜನ ಹತ್ತು ಗಂಟೆಯೊಳಗೆ ಮನೆಯ ಹೊಸ್ತಿಲು ದಾಟಿದ ಉದಾಹರಣೆ ಲೇಖಕನ ಗಮನಕ್ಕೆ ಬಂದಿಲ್ಲ.

ವಿಷಯವಾಕ್ಯ ಇಷ್ಟೇ. ಶುಕ್ರವಾರ ರಾತ್ರಿ ಮನೆಯಾಕೆ ಅಂದಳು: “ಈ ಸಲ ನಾತಾಳ್ ರಜೆಗೆ ಗಂಗಾಪುರಕ್ಕೆ ಹೋಗೋಣ, ಮಕ್ಕಳು ನೀರು ನೋಡ್ತಾವೆ.”

ಸಂಶಯ: ಯಾವ ಗಂಗಾಪುರ?

ಇಲ್ಲಿ ಮೂರು ಮತಗಳಿವೆ. ಮೊದಲನೆಯದು ಗೃಹಿಣೀಮತ. ಗಂಗಾಪುರವೆಂದರೆ ನಾಸಿಕ್ ಪಟ್ಟಣದ ಪಶ್ಚಿಮಕ್ಕೆ ಗೋದಾವರಿಯ ದಡದ ಊರು, ಅದರ ಹೆಸರಿನ ಅಣೆಕಟ್ಟು, ಸುತ್ತಲಿನ ದ್ರಾಕ್ಷಿ ತೋಟ. ಎರಡನೆಯದು ಮೊಬೈಲ್‌ಮತ. ಬೆರಳು ಒತ್ತಿದ ಕೂಡಲೇ ಅದು ಛತ್ರಪತಿ ಸಂಭಾಜಿನಗರ ಜಿಲ್ಲೆಯ ಗಂಗಾಪುರ ತಾಲ್ಲೂಕಿಗೆ ದಾರಿ ತೋರಿಸಿ, ಮೂರು ತಾಸಿಗೆ ಹತ್ತಿರ ಎಂದು ತಣ್ಣಗೆ ಹೇಳಿತು. ಅದೇ ವರ್ಷ ಔರಂಗಾಬಾದ್ ಜಿಲ್ಲೆಗೆ ಹೊಸ ಹೆಸರು ಬಂದಿದ್ದರಿಂದ, ಅದು ಎಲ್ಲಿದೆ ಎಂದು ತಿಳಿಯಲು ಮನೆಮಂದಿಗೆ ಇನ್ನೂ ಕಾಲು ತಾಸು ಬೇಕಾಯಿತು.

ಮೂರನೆಯದು ಅವ್ವನ ಮತ. ಆಕೆಯ ಕಿವಿಯಲ್ಲಿ ಗಂಗಾಪುರವೆಂಬುದು ಮರಾಠಿ ಮಂದಿಯ ನಾಲಿಗೆ ದೋಷದಿಂದ ಕೆಟ್ಟ ಗಾಣಗಾಪುರ. ಅಂದರೆ ಕಲಬುರಗಿ ಜಿಲ್ಲೆ ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ಅಮರ್ಜಾ ಸಂಗಮದ ಬಳಿಯ, ನೃಸಿಂಹ ಸರಸ್ವತಿಗಳ ನಿರ್ಗುಣ ಪಾದುಕೆಗಳಿರುವ ದತ್ತಕ್ಷೇತ್ರ. ಮೇಲಾಗಿ ಆ ವರ್ಷ ದತ್ತ ಜಯಂತಿ 26ಕ್ಕೆ ಬಿದ್ದಿತ್ತು. “ಚಲೋ ಆತಲ್ಲ,” ಅಂದಳು ಅವ್ವ, “ಸೋಮಾರ ಏಸು ಹುಟ್ಟತಾನ, ಮಂಗಳಾರ ದತ್ತ ಹುಟ್ಟತಾನ. ಒಂದ ಖರ್ಚಿನ್ಯಾಗ ಎರಡೂ ಆಗತಾವ.”

ಸರ್ವಧರ್ಮ ಸಮನ್ವಯದ ಬಗ್ಗೆ ಇಷ್ಟು ಮಿತವ್ಯಯದ ವ್ಯಾಖ್ಯಾನ ಲೇಖಕನು ಬೇರೆಲ್ಲೂ ಕಂಡಿಲ್ಲ. ಆದರೂ ಗಣಿತ ಅದಕ್ಕೆ ವಿರುದ್ಧವಾಗಿತ್ತು. ಓಝರ್‌ನಿಂದ ಗಾಣಗಾಪುರ ಸುಮಾರು 500 ಕಿ.ಮೀ. ಚಿಕ್ಕವನಿಗೆ ಪ್ರತಿ 40 ಕಿ.ಮೀ.ಗೆ ಒಂದು ನಿಲುಗಡೆ. ಭಾಗಿಸಿದರೆ ಹನ್ನೆರಡೂವರೆ. ಅರ್ಧ ನಿಲುಗಡೆ ಎಂದರೇನು ಎಂಬ ಪ್ರಶ್ನೆಯನ್ನು ವಿದ್ವಾಂಸರು ಎತ್ತಬಹುದು. ಅದನ್ನು ಹುಡುಗ ಭಾನುವಾರ ಹಿಂದಿನ ಸೀಟಿನ ಮೇಲೆ ಪ್ರಾತ್ಯಕ್ಷಿಕೆಯ ಮೂಲಕ ತೋರಿಸಿದ.

ಇನ್ನುಳಿದದ್ದು ಎರಡು ಗಂಗಾಪುರಗಳ ನಡುವಣ ನಿರ್ಣಯ. ಕವಿರಾಜಮಾರ್ಗದ ಪ್ರಕಾರ ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ. ನಾಸಿಕ್‌ನ ಗಂಗಾಪುರ ಗೋದಾವರಿಯ ತೆಂಕಣ ದಡದಲ್ಲಿದೆ, ಆದ್ದರಿಂದ ಒಂಬತ್ತನೆಯ ಶತಮಾನದ ಲೆಕ್ಕದಲ್ಲಿ ಅದು ಕನ್ನಡ ನಾಡು. ಸಂಭಾಜಿನಗರದ ಗಂಗಾಪುರ ಅದೇ ನದಿಯ ಬಡಗಣಕ್ಕೆ ಕೆಲವೇ ಕಿ.ಮೀ. ದೂರದಲ್ಲಿದೆ, ಆದ್ದರಿಂದ ಪರದೇಶ. ಕಾಯಗಾಂವ್ ಸೇತುವೆ ದಾಟುವಾಗ ಮಕ್ಕಳ ಪಾಸ್‌ಪೋರ್ಟ್ ಕೇಳದಿರುವುದು ಆಡಳಿತದ ಔದಾರ್ಯ.

ಇಲ್ಲಿ ಪೂರ್ವಪಕ್ಷಿ ಏಳುತ್ತಾನೆ. ಆ ಪರದೇಶದ ಜಿಲ್ಲೆಯಲ್ಲೇ ವೇರೂಳು, ಅಂದರೆ ಎಲ್ಲೋರಾ, ಇದೆ. ಅಲ್ಲಿ ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿದು ಕೈಲಾಸ ದೇವಾಲಯ ಮಾಡಿಸಿದ ಕೀರ್ತಿ ರಾಷ್ಟ್ರಕೂಟ ಒಂದನೆಯ ಕೃಷ್ಣನದು. ಅಷ್ಟೇ ಅಲ್ಲ, ವೇರೂಳಿಗೂ ಉತ್ತರಕ್ಕೆ ಒಂದು ತಾಲ್ಲೂಕಿದೆ. ಅದರ ಹೆಸರೇ ಕನ್ನಡ. ನಾವು ಕೊನೆಯ ಸ್ವರ ಹೇಳುತ್ತೇವೆ, ಅವರು ನುಂಗುತ್ತಾರೆ, ಭೇದ ಅಷ್ಟೇ. ಕನ್ನಡದಲ್ಲಿ ಬಸ್ ನಿಲ್ದಾಣವಿದೆ, ಕನ್ನಡದಲ್ಲಿ ಘಾಟಿಯಿದೆ, ಕನ್ನಡದಲ್ಲಿ ಎಲ್ಲರೂ ಮರಾಠಿ ಮಾತಾಡುತ್ತಾರೆ.

ಈ ಕೊನೆಯ ವಾಕ್ಯವನ್ನು ದೊಡ್ಡವಳಿಗೆ ವಿವರಿಸುವಷ್ಟರಲ್ಲಿ ಶನಿವಾರ ಸಂಜೆಯಾಗಿತ್ತು. ನಕ್ಷೆ ಅಡುಗೆಮನೆಯ ಕಟ್ಟೆಯ ಮೇಲೆ ಹರಡಿತ್ತು, ಅದರ ಮೇಲೆ ಚಿಕ್ಕವನ ಬಿಸ್ಕತ್ತಿನ ಪುಡಿ ಅಹಮದನಗರದವರೆಗೂ ಬಿದ್ದಿತ್ತು. ಯಾರೂ ಎಲ್ಲಿಗೂ ಹೋಗಿರಲಿಲ್ಲ.

ಆ ರಾತ್ರಿ ದೊಡ್ಡವಳು ಕೇಳಿದ ಪ್ರಶ್ನೆಯಿಂದ ಶಾಸ್ತ್ರ ಹೊಸ ತಿರುವು ಪಡೆಯಿತು. ಸಾಂತಾ ಓಝರ್‌ಗೆ ಬರುವುದು ಹೇಗೆ? ವಿಮಾನ ನಿಲ್ದಾಣದಲ್ಲಿ ಇಳಿಯುತ್ತಾನೋ, ಸೀದಾ ಟೆರೇಸಿಗೋ? ಲೇಖಕನು ಯೋಚಿಸಿ, ಸಾಂತಾ ಒಂದು ವಲಸೆ ಹಕ್ಕಿ ಎಂಬ ಸಿದ್ಧಾಂತವನ್ನು ಮಂಡಿಸಿದ. ಲಕ್ಷಣಗಳು ಹೊಂದುತ್ತವೆ. ಉತ್ತರದಿಂದ ಬರುವುದು, ಚಳಿಗಾಲದಲ್ಲಷ್ಟೇ ಕಾಣುವುದು, ಕೆಂಪು ಬಿಳಿ ಪುಕ್ಕ, ಭಾರೀ ಮೈ, ರಾತ್ರಿ ಸಂಚಾರ, ಮೂರಕ್ಷರದ ಕೂಗು. ಇದರ ಮೂಲ ನೆಲೆ ಇಂದಿನ ತುರ್ಕಿಯಲ್ಲಿರುವ ಮೈರಾ. ಅಲ್ಲಿ ನಾಲ್ಕನೆಯ ಶತಮಾನದಲ್ಲಿ ಸಂತ ನಿಕೋಲಾಸ್ ಬಿಷಪ್ ಆಗಿದ್ದರು, ಅವರ ಹಬ್ಬ ಡಿಸೆಂಬರ್ 6. ಉತ್ತರ ಧ್ರುವದಲ್ಲಿ ಮನೆ ಕಟ್ಟಿಸಿಕೊಟ್ಟದ್ದು ಹತ್ತೊಂಬತ್ತನೆಯ ಶತಮಾನದ ಅಮೆರಿಕದ ವ್ಯಂಗ್ಯಚಿತ್ರಕಾರ ಥಾಮಸ್ ನಾಸ್ಟ್. ಅಂದರೆ ಹಕ್ಕಿಯ ಸೀಮೆ ಹಿಗ್ಗುತ್ತಾ ಬಂದಿದೆ. ದೊಡ್ಡವಳು ಎಲ್ಲವನ್ನೂ ಕೇಳಿ, “ಮೊಟ್ಟೆ ಇಡತದೇನು?” ಎಂದಳು. ಈ ದಿಕ್ಕಿನಲ್ಲಿ ಸಂಶೋಧನೆ ನಡೆಯಬೇಕಾಗಿದೆ.

ಭಾನುವಾರ ಗೃಹಿಣೀಮತವೇ ಗೆದ್ದಿತು. ಸತ್ಯ ಹೇಳುವುದಾದರೆ ಅದು ಶುಕ್ರವಾರವೇ ಗೆದ್ದಿತ್ತು.

ಗಂಗಾಪುರದ ಪಕ್ಕದ ಗೋವರ್ಧನವು ಪಾಂಡವಲೇಣಿ ಗುಹೆಗಳ ಶಾತವಾಹನ ಶಾಸನಗಳಲ್ಲಿ ಬರುವ ಹೆಸರು. ಈಗ ಅಲ್ಲಿ ದ್ರಾಕ್ಷಿಯೇ ಶಾಸನ. 1999ರಲ್ಲಿ ಸುಲಾ ವೈನ್ ತೋಟ ಶುರುವಾದ ಮೇಲೆ ಈ ದಿಕ್ಕಿಗೆ ರಜಾದಿನದ ಕಾರುಗಳೆಲ್ಲ ತಿರುಗುತ್ತವೆ. ಮಕ್ಕಳಿಗೆ ದ್ರಾಕ್ಷಿ ತೋಟ ತೋರಿಸಬೇಕೆಂಬುದು ದೊಡ್ಡವರ ಹಂಬಲ. ಆದರೆ ಇಲ್ಲಿ ಬಳ್ಳಿ ಸವರುವುದು ಮಳೆಗಾಲ ಮುಗಿಯುವಾಗ, ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ. ಕ್ರಿಸ್‌ಮಸ್ಸಿಗೆ ಗೊಂಚಲು ಗಟ್ಟಿ ಹಸಿರು. ರಸ್ತೆಯಂಚಿನ ರೈತರೊಬ್ಬರು ಪ್ರೀತಿಯಿಂದ ಕಿತ್ತು ಕೊಟ್ಟ ಒಂದು ಕಾಳನ್ನು ಚಿಕ್ಕವನು ಬಾಯಿಗಿಟ್ಟು ಮುಖ ಹಿಂಡಿದ್ದನ್ನು ನೋಡಿದರೆ, ದ್ರಾಕ್ಷಿ ಹುಳಿ ಎಂದ ನರಿಯನ್ನು ನಾವು ಇಷ್ಟು ಕಾಲ ಸುಮ್ಮನೆ ನಿಂದಿಸಿದೆವು ಅನ್ನಿಸುತ್ತದೆ. ಬಹುಶಃ ಅದು ಡಿಸೆಂಬರಿನಲ್ಲಿ ಬಂದಿತ್ತು.

ಅಣೆಕಟ್ಟಿನ ಹಿನ್ನೀರಿನಲ್ಲಿ ದೋಣಿಗಾಗಿ ಒಂದು ತಾಸು ಸಾಲಿನಲ್ಲಿ ನಿಂತೆವು. ಸರದಿ ಬಂದಾಗ ಚಿಕ್ಕವನು ನಿದ್ದೆ ಹೋಗಿದ್ದ. ನಿದ್ದೆ ಹೋದ ಮಗುವಿಗೆ ಲೈಫ್ ಜಾಕೆಟ್ ತೊಡಿಸುವುದು ಕಿಂಡಿಯಷ್ಟು ಸಣ್ಣ ಬಾಗಿಲಲ್ಲಿ ಎತ್ತು ಹೊಗಿಸಿದ ಹಾಗೆ. ಈ ವಿಷಯ ಇಲ್ಲಿಗೇ ಬಿಡುವುದು ಒಳ್ಳೆಯದು.

ಸಂಜೆ ಗೋದಲಿ ನೋಡಲು ಶರಣಪುರದತ್ತ ಹೊರಟೆವು. ಇಂದು ನಾಸಿಕ್ ಪಟ್ಟಣದೊಳಗೇ ಸೇರಿಹೋದ ಶರಣಪುರವನ್ನು 1854ರಲ್ಲಿ ಚರ್ಚ್ ಮಿಷನರಿ ಸೊಸೈಟಿಯವರು ಕಟ್ಟಿದರು. ಹಡಗುಗಳಿಂದ ಬಿಡಿಸಿ ತಂದ ಆಫ್ರಿಕದ ಗುಲಾಮ ಮಕ್ಕಳು ಇಲ್ಲಿ ಓದು, ಬಡಗಿತನ, ಕಮ್ಮಾರಿಕೆ ಕಲಿತರು. ಇಲ್ಲಿ ಓದಿದ ಜೇಕಬ್ ವೈನ್‌ರೈಟ್, ಡೇವಿಡ್ ಲಿವಿಂಗ್‌ಸ್ಟನ್ನರ ಶವವನ್ನು ಆಫ್ರಿಕದ ಒಳನಾಡಿನಿಂದ ಸಾವಿರಕ್ಕೂ ಹೆಚ್ಚು ಕಿ.ಮೀ. ಹೊತ್ತು ಕರಾವಳಿಗೆ ತಂದವರಲ್ಲೊಬ್ಬ. 1874ರ ಏಪ್ರಿಲ್‌ನಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಅಂತ್ಯಕ್ರಿಯೆಯಲ್ಲೂ ಹೆಗಲು ಕೊಟ್ಟ. ಲೇಖಕನು ಈ ಚರಿತ್ರೆಯನ್ನು ಕಾರು ನಿಲ್ಲಿಸಿದಲ್ಲಿಂದ ಚರ್ಚಿನ ಗೇಟಿನವರೆಗೆ ಮಕ್ಕಳಿಗೆ ಹೇಳುತ್ತಾ ಬಂದ. ಡೈಪರ್ ಚೀಲವನ್ನು ಅಷ್ಟೂ ದೂರ ಹೊತ್ತವಳು ಮನೆಯಾಕೆ, ಆಕೆ ಏನೂ ಹೇಳಲಿಲ್ಲ. ಚರಿತ್ರೆ ಹೀಗೇ ಇರುತ್ತದೆ.

ಒಳಗೆ ಹಾಡುತ್ತಿದ್ದದ್ದು ಮರಾಠಿ ಗೀತೆ, ಅಭಂಗದ ಧಾಟಿ, ಜೊತೆಗೆ ತಬಲಾ. ಮರಾಠಿ ಕ್ರೈಸ್ತ ಆರಾಧನೆಗೆ ಕೀರ್ತನೆ, ಅಭಂಗಗಳ ಹೊಳೆ ಹರಿಸಿದವರು ನಾರಾಯಣ ವಾಮನ ತಿಲಕರು. ಅವರ ಮಡದಿ, ‘ಸ್ಮೃತಿಚಿತ್ರೆ’ ಬರೆದ ಲಕ್ಷ್ಮೀಬಾಯಿ, ನಾವು ಮಧ್ಯಾಹ್ನ ನಿಂತಿದ್ದ ಗಂಗಾಪುರಕ್ಕೆ ಹತ್ತಿರದ ಜಲಾಲಪುರದ ಹೆಣ್ಣುಮಗಳು. ಅವ್ವನಿಗೆ ಇದಾವುದೂ ಗೊತ್ತಿರಲಿಲ್ಲ. ಆಕೆ ಎರಡನೆಯ ನುಡಿಗೇ ತೊಡೆಯ ಮೇಲೆ ತಾಳ ಹಾಕತೊಡಗಿದ್ದಳು.

ಆಮೇಲೆ ಗೋದಲಿ. ಇಟಲಿಯ ಗ್ರೆಚ್ಚೊ ಎಂಬಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸರು ಜೀವಂತ ಎತ್ತು ಕತ್ತೆ ತಂದು ನಿಲ್ಲಿಸಿ ಗೋದಲಿಯ ದೃಶ್ಯ ಕಟ್ಟಿದ್ದು 1223ರಲ್ಲಿ. ನಾವು ನಿಂತದ್ದು ಅದರ ಸರಿಯಾಗಿ ಎಂಟುನೂರನೆಯ ವರ್ಷ. ಈ ಮಹತ್ವವನ್ನು ಲೇಖಕನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕವನು ಕತ್ತೆಯ ಕಡೆ ಬೆರಳು ತೋರಿಸಿ, ಅದು ಯಾಕೆ ಹಾಗೆ ನಿಂತಿದೆ, ಅದಕ್ಕೂ ಒಂದಕ್ಕೆ ಬಂದಿದೆಯೇ ಎಂದು ಕೇಳಿದ. ಅವ್ವ ಮಾತ್ರ ಹುಲ್ಲಿನ ಮೇಲಿನ ಕೂಸನ್ನೇ ನೋಡುತ್ತಿದ್ದಳು.

“ಕೂಸು ಹುಟ್ಟೂಕಿಂತ ಮದಲ ಕುಲಾವಿ ಹೊಲಿಸೋರನ್ನ ನೋಡೀನಿ,” ಅಂದಳು. “ಇಲ್ಲಿ ಹುಟ್ಟಿ ಎರಡು ಸಾವಿರ ವರ್ಷ ಆದ್ರೂ ಒಂದು ಕುಲಾವಿ ಇಲ್ಲಲ್ಲೋ. ಇಂಥಾ ಥಂಡ್ಯಾಗ!”

ಪಕ್ಕದಲ್ಲಿದ್ದ ಮರಾಠಿ ಅಜ್ಜಿಗೆ ಮಾತು ತಿಳಿಯದಿದ್ದರೂ ಅಭಿಪ್ರಾಯ ತಿಳಿಯಿತು. ಇಬ್ಬರೂ ಹದಿನೈದು ನಿಮಿಷ ತಂತಮ್ಮ ಭಾಷೆಯಲ್ಲಿ ಬಾಣಂತನದ ಬಗ್ಗೆ ಮಾತಾಡಿದರು. ಪ್ರಯೋಗದುದ್ದಕ್ಕೂ ನಿಗದಿತ ವೇಳೆಗಿಂತ ಹೆಚ್ಚು ಹೊತ್ತು ನಡೆದೂ ಯಾರೂ ಅಳದ ಕಾರ್ಯಕ್ರಮ ಇದೊಂದೇ.

ಮಧ್ಯರಾತ್ರಿ ಹಕ್ಕಿಯ ಆಗಮನವಾಯಿತು. ಅದರ ವಿವರವನ್ನು ವೈಜ್ಞಾನಿಕ ಗೋಪ್ಯತೆಯ ದೃಷ್ಟಿಯಿಂದ ಕೊಡುವಂತಿಲ್ಲ. ಅವ್ವನ ಕೆಂಪು ಶಾಲು ಬೆಳಿಗ್ಗೆ ಮಡಿಕೆ ತಪ್ಪಿತ್ತು ಎಂದಷ್ಟೇ ಹೇಳಬಹುದು.

ಸೋಮವಾರ ಎರಡು ಗಂಗಾಪುರಗಳಿಗೂ ಅನ್ಯಾಯವಾಗದಂತೆ ನಡುವಿನ ಒಂದು ಜಾಗ ಆರಿಸಿದೆವು. ಮೇಲಿನ ಗಂಗಾಪುರದ ಅಣೆಕಟ್ಟಿನಿಂದ ಬಿಟ್ಟ ನೀರು ಗೋದಾವರಿಗುಂಟ ಇಳಿದು, ಕಡೆಗೆ ಕೆಳಗಿನ ಗಂಗಾಪುರ ತಾಲ್ಲೂಕಿನ ಅಂಚಿಗೆ, ಜಾಯಕವಾಡಿ ಅಣೆಕಟ್ಟಿನ ಹಿನ್ನೀರಿಗೆ ಮುಟ್ಟುತ್ತದೆ. ಆ ನೀರಿಗಾಗಿ ನಾಸಿಕ್‌ನವರೂ ಮರಾಠವಾಡದವರೂ ಜಗಳಾಡುವುದು ಬೇರೆ ಶಾಸ್ತ್ರ. ದಾರಿಯಲ್ಲಿ ನಿಫಾಡ್ ತಾಲ್ಲೂಕಿನಲ್ಲಿ, ಕಾದವಾ ನದಿ ಕೂಡುವಲ್ಲಿ ನಾಂದೂರ ಮಧ್ಯಮೇಶ್ವರವಿದೆ. ಮಹಾರಾಷ್ಟ್ರದ ಮೊದಲ ರಾಮ್ಸರ್ ತಾಣ ಅದು, ಇನ್ನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳ ಲೆಕ್ಕ ಅಲ್ಲಿದೆ. ನಿಫಾಡ್ ಎಂದರೆ ಚಳಿಗೆ ಹೆಸರುವಾಸಿ. ಪೇಪರಿನಲ್ಲಿ ರಾಜ್ಯದ ಕನಿಷ್ಠ ತಾಪಮಾನ ಎಂದಾಗ ಹಲವು ಸಲ ಬರುವ ಊರು. ಮಕ್ಕಳಿಗೆ ಎಷ್ಟು ಬಟ್ಟೆ ತೊಡಿಸಿದ್ದೆವೆಂದರೆ ಇಬ್ಬರೂ ಕೈ ಕೆಳಗಿಳಿಸಲಾರದೆ ರೆಕ್ಕೆ ಬಿಚ್ಚಿದ ಹಾಗೇ ನಡೆಯುತ್ತಿದ್ದರು.

ಮಂಜು ಕರಗಿದ ಮೇಲೆ ನೀರು ಕಾಣಿಸಿತು. ಅದರ ಮೇಲೆ ಸೂಜಿಯಂಥ ಬಾಲದ ಬಾತುಗಳು, ಸಲಿಕೆಯಂಥ ಕೊಕ್ಕಿನ ಬಾತುಗಳು, ದೂರದಲ್ಲಿ ನಸುಗೆಂಪಿನ ಗೆರೆಯಾಗಿ ರಾಜಹಂಸ. ಊರಿನ ಹುಡುಗನೊಬ್ಬ ದುರ್ಬೀನು ಹಚ್ಚಿ ಒಂದೊಂದನ್ನೇ ತೋರಿಸುತ್ತಿದ್ದ. ಯಾವುದು ಸ್ಥಲಾಂತರಿತ, ಅಂದರೆ ವಲಸೆ ಬಂದದ್ದು, ಯಾವುದು ಸ್ಥಾನಿಕ, ಅಂದರೆ ವರ್ಷವಿಡೀ ಇಲ್ಲೇ ಇರುವುದು ಎಂದು ಬೇರೆ ಮಾಡಿ ಹೇಳಿ, ಕಂಡದ್ದನ್ನು ಕಿಸೆಯ ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಿದ್ದ. ದೊಡ್ಡವಳು ತುಂಬ ಹೊತ್ತು ನೋಡಿ, ಶಾಲೆಯಲ್ಲಿ ಕಲಿತ ಮರಾಠಿಯಲ್ಲಿ, ನಿಮ್ಮ ಪಟ್ಟಿಯಲ್ಲಿ ಒಂದು ಹಕ್ಕಿ ಬಿಟ್ಟುಹೋಗಿದೆ ಎಂದಳು. ಯಾವುದು ಎಂದ. ಸಾಂತಾ ಎಂದಳು. ಲೇಖಕನ ಸಿದ್ಧಾಂತವನ್ನು ಪುಕ್ಕದಿಂದ ಕೂಗಿನವರೆಗೆ ಒಂದೂ ಬಿಡದೆ ಒಪ್ಪಿಸಿದಳು.

ಹುಡುಗ ನಗಲಿಲ್ಲ. ಪೆನ್ನು ತೆಗೆದು, “ಕಿತೀ ದಿಸ್ಲೇ?” ಎಷ್ಟು ಕಂಡವು ಎಂದ.

“ಒಂದೇ,” ಎಂದಳು. “ನಿನ್ನೆ ರಾತ್ರಿ, ನಮ್ಮ ಮನ್ಯಾಗ. ಅಜ್ಜಿ ಶಾಲು ಹೊದ್ದಿತ್ತು. ಅಪ್ಪನ ಚಷ್ಮಾ ಹಾಕಿತ್ತು.”

ಇಷ್ಟನ್ನು ಅವಳು ಕನ್ನಡದಲ್ಲೇ ಹೇಳಿದ್ದಳು. ಆದರೂ ಹುಡುಗ ನನ್ನ ಚಷ್ಮಾ ಕಡೆ ಒಮ್ಮೆ, ಅವ್ವನ ಶಾಲಿನ ಕಡೆ ಒಮ್ಮೆ ನೋಡಿ, ಪುಟ ತಿರುವಿ ಬರೆದುಕೊಂಡ: “ಸ್ಥಾನಿಕ.”