ಐದು ಸಾವಿರದ ಐ ಸೆವೆನ್

ಕಂಪ್ಯೂಟರ್ ಕೊಳ್ಳುವ ಮನೆಗಳಲ್ಲಿ ಎರಡು ಪಂಗಡ. ಬಿಡಿ ಸಾಮಾನು ತಂದು ಕೂಡಿಸುವ 'ಅಸೆಂಬಲ್ಡ್' ಪಂಗಡ ಒಂದು, ಕಂಪನಿಯವರು ಮುಚ್ಚಿಕೊಟ್ಟ ಡಬ್ಬವನ್ನೇ ತಂದು ಕುಂಕುಮ ಹಚ್ಚುವ 'ಬ್ರಾಂಡೆಡ್' ಪಂಗಡ ಇನ್ನೊಂದು. ನಾವು ಹಚ್ಚುವವರು. ಖಜಾನೆಯಲ್ಲಿ ಲೆಕ್ಕ ಬರೆದೇ ನಿವೃತ್ತನಾದ ನನಗೆ ಬಿಲ್ಲು, ಮೊಹರು, ವಾರಂಟಿ ಕಾರ್ಡು ಮೂರೂ ಒಂದೇ ಲಕೋಟೆಯಲ್ಲಿ ಸಿಗುವುದೆಂದರೆ ಅದೊಂದು ಸುಖ. ವಾರಂಟಿ ತೀರಿ ಎಷ್ಟೋ ಕಾಲವಾಯಿತು. ಲಕೋಟೆ ಮಾತ್ರ ಬೀರುವಿನಲ್ಲಿ ಎಲ್‌ಐಸಿ ಬಾಂಡಿನ ಪಕ್ಕದಲ್ಲಿ ಭದ್ರವಾಗಿದೆ.

ಡಬ್ಬದೊಳಗಿದ್ದದ್ದು ಇಂಟೆಲ್‌ನ ಐ3-6100. 2015ರಲ್ಲಿ ಬಂದ ಆರನೇ ಜನರೇಷನ್. ಎರಡು ಕೋರ್, 51 ವ್ಯಾಟ್. 'ನುಡಿ'ಯಲ್ಲಿ ನಾಲ್ಕು ಪುಟ ಟೈಪ್ ಮಾಡುವವನಿಗೆ ಅದೇ ಹೆಚ್ಚು. ಆದರೆ ಈಗಿನ ವೆಬ್‌ಸೈಟುಗಳು ನಾಲ್ಕು ಪುಟಕ್ಕೆ ತೃಪ್ತಿಪಡುವ ಜಾತಿಯವಲ್ಲ. ಪಿಂಚಣಿದಾರ ಬದುಕಿದ್ದಾನೆಂದು ಸಾರುವ ಜೀವಿತ ಪ್ರಮಾಣಪತ್ರದ ಪುಟ ಪೂರ್ತಿ ತೆರೆದುಕೊಳ್ಳುವಷ್ಟರಲ್ಲಿ ಆ ಸಂಗತಿಯೇ ಅನುಮಾನಕ್ಕೆ ಬೀಳುವ ಹಾಗಿತ್ತು.

"ಎಸೆದು ಹೊಸದು ತಗೊಳ್ಳಿ ಮಾಮ" ಎಂದ ಅಕ್ಕನ ಮಗ. ಅವನು ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಕೆಲಸದವನು. ಮೂರು ವರ್ಷಕ್ಕೊಮ್ಮೆ ಎಲ್ಲವನ್ನೂ ಎಸೆಯುತ್ತಾನೆ. ನಮ್ಮ ಮನೆಯಲ್ಲಿ ಅಮ್ಮನ ಕಾಲದ ಇಡ್ಲಿ ಪಾತ್ರೆಗೆ ಮೊನ್ನೆ ಮೊನ್ನೆ ಹೊಸ ಹಿಡಿ ಹಾಕಿಸಿದ್ದೇವೆ. ಪ್ರಾಸೆಸರ್ ಒಂದನ್ನೇ ಬದಲಿಸುವುದೆಂದು ಠರಾವು ಮಾಡಿ ಐದು ಸಾವಿರ ರೂಪಾಯಿ ಮಂಜೂರು ಮಾಡಿಕೊಂಡೆ.

ಮಂಜೂರಾತಿ ಸುಲಭ, ಹೊಂದಾಣಿಕೆ ಕಷ್ಟ. ನಮ್ಮ ಬೋರ್ಡಿನ ಸಾಕೆಟ್ಟಿಗೆ 1151 ಎಂದು ಹೆಸರು. ಆರನೇ, ಏಳನೇ ಜನರೇಷನ್‌ಗಳು ಅದರಲ್ಲಿ ಕೂರುತ್ತವೆ. ಎಂಟನೆಯದಕ್ಕೂ ಸಾಕೆಟ್ಟಿನ ಹೆಸರು 1151ಏ. ಆದರೆ 2017ರಲ್ಲಿ ಇಂಟೆಲ್ ಒಳಗಿನ ಸಂಪರ್ಕಗಳನ್ನು ಬದಲಿಸಿದ್ದರಿಂದ ಅದಕ್ಕೆ ಬೇರೆಯೇ ಬೋರ್ಡು ಬೇಕು. ವಿಂಡೋಸ್ 11 ಇಂಟೆಲ್‌ನಲ್ಲಿ ಅಧಿಕೃತವಾಗಿ ಒಪ್ಪುವುದು ಎಂಟರಿಂದ ಮುಂದಿನವನ್ನು. ನಮ್ಮ ಆರನೆಯದಕ್ಕೆ ಸ್ಕೈಲೇಕ್ ಎಂದೂ ಆ ಎಂಟನೆಯದಕ್ಕೆ ಕಾಫಿ ಲೇಕ್ ಎಂದೂ ನಾಮಕರಣ. ಬೆಂಗಳೂರಿನವನ ಕೈಗೆ ಕಾಫಿಯೇ ದಕ್ಕಲಿಲ್ಲ!

"ಹಾಗಾದ್ರೆ ಬೋರ್ಡೇ ಬದಲಿಸಿಬಿಡಿ" ಎಂದ ಅಳಿಯ. ಬದಲಿಸಬಹುದಿತ್ತು. ಆದರೆ ಬ್ರಾಂಡೆಡ್ ಡಬ್ಬಗಳಲ್ಲಿ ಎಷ್ಟೋ ಸಲ ವಿದ್ಯುತ್ ಪೂರೈಸುವ ಪವರ್ ಸಪ್ಲೈ ಕಂಪನಿಯ ಸ್ವಂತ ಅಳತೆಯದು. ಎಲ್ಲರ ಬೋರ್ಡಿಗೂ ಹೋಗುವ 24 ಪಿನ್ನಿನ ಪ್ಲಗ್ಗು ಅದಕ್ಕಿರುವುದಿಲ್ಲ. ಬೋರ್ಡು ಬಂದರೆ ಪವರ್ ಸಪ್ಲೈ ಬರಬೇಕು. ಅದು ಬಂದರೆ ಹಳೇ ಕ್ಯಾಬಿನೆಟ್ಟಿನಲ್ಲಿ ಹಿಡಿಸದು, ಹೊಸ ಕ್ಯಾಬಿನೆಟ್ ಬರಬೇಕು. ಡಬ್ಬದ ಜತೆ ಬಂದ ವಿಂಡೋಸ್ ಲೈಸೆನ್ಸಿಗೂ ಹಳೇ ಬೋರ್ಡಿಗೂ ಗಂಟು. ಬೋರ್ಡು ಹೋದರೆ ಅದೂ ಸಹಗಮನ ಮಾಡುತ್ತದೆ. ಲಂಗೋಟಿಯನ್ನು ಇಲಿಯಿಂದ ಕಾಪಾಡಲು ಬೆಕ್ಕು ಸಾಕಿ, ಬೆಕ್ಕಿನ ಹಾಲಿಗೆ ಹಸು ಕಟ್ಟಿ, ಹಸು ನೋಡಿಕೊಳ್ಳಲು ಮದುವೆಯಾದ ಸನ್ಯಾಸಿಯ ಕಥೆ ಇದೇ. ಕೊನೆಗೆ ನನ್ನ ಹಳೇ ಆಸ್ತಿಯಲ್ಲಿ ಮೌಸ್ ಪ್ಯಾಡ್ ಒಂದು ಉಳಿಯುತ್ತಿತ್ತು.

ಹಾಗಾಗಿ ಆರನೇ ಜನರೇಷನ್ನಿನಲ್ಲೇ ಹಿರಿಯನನ್ನು ಹುಡುಕಿದೆ: ಐ7-6700. ನಾಲ್ಕು ಕೋರ್, ಎಂಟು ಥ್ರೆಡ್, 65 ವ್ಯಾಟ್. ಮೊದಲಿನದಕ್ಕಿಂತ ಹದಿನಾಲ್ಕೇ ವ್ಯಾಟ್ ಜಾಸ್ತಿ. ಕಂಪನಿಯ ಸಣ್ಣ ಪವರ್ ಸಪ್ಲೈ, ಸಣ್ಣ ಫ್ಯಾನು ಅಷ್ಟನ್ನು ತಾಳಿಕೊಳ್ಳುತ್ತವೆ. ಹೆಸರಿನ ಬಾಲಕ್ಕೆ 'ಕೆ' ಅಂಟಿಸಿಕೊಂಡವನು 91 ವ್ಯಾಟ್ ಉಣ್ಣುತ್ತಾನೆ, ಅವನ ಸಹವಾಸ ಬೇಡ. ನಮ್ಮ ಡಬ್ಬದ ಮಾಡೆಲ್ಲನ್ನು ಕಂಪನಿಯವರು ಐ7 ಹಾಕಿಯೂ ಮಾರಿದ್ದರು ಎಂಬುದನ್ನು ಖಚಿತ ಮಾಡಿಕೊಂಡೆ. ಬಯೋಸ್ ಗುರುತಿಸದಿದ್ದರೆ ಎಂಥ ಪ್ರಾಸೆಸರೂ ಬೋರ್ಡಿನ ಮೇಲೆ ಸುಮ್ಮನೆ ಕೂತಿರುತ್ತದೆ.

ಕಂಪ್ಯೂಟರಿನ ಬಿಡಿ ಸಾಮಾನು ಸಿಗುವ ಎಸ್.ಪಿ. ರೋಡಿಗೆ ಮೆಟ್ರೋದಲ್ಲೇ ಹೋಗಬೇಕು. ಸ್ಕೂಟರ್ ತಂದವರು ಅದನ್ನು ನಿಲ್ಲಿಸುವುದರಲ್ಲೇ ದಿನ ಕಳೆಯುತ್ತಾರೆ. ಗಾಜಿನ ಕಪಾಟು, ಒಂದು ಸ್ಟೂಲು, ಒಬ್ಬ ಹುಡುಗ ಇಷ್ಟೇ ಹಿಡಿಸುವ ಅಂಗಡಿಯೊಂದರಲ್ಲಿ ನನ್ನ ಮಾಲು ಸಿಕ್ಕಿತು.

"ಆಫೀಸಿಂದ ಬಂದಿದ್ದು ಅಂಕಲ್, ಕ್ಲೀನ್ ಪೀಸು. ಟೆಸ್ಟಿಂಗ್ ವಾರಂಟಿ."

"ಹಾಗಂದ್ರೆ?"

"ಇಲ್ಲೇ ಹಾಕಿ ತೋರಿಸ್ತೀನಿ. ಓಡಿದ್ರೆ ನಿಮ್ದು."

"ಓಡದಿದ್ರೆ?"

"ಇನ್ನೊಂದು ಹಾಕ್ತೀನಿ."

"ಮನೆಗೆ ಹೋದ್ಮೇಲೆ ನಿಂತ್ರೆ?"

"ದೇವರಿದಾನೆ ಅಂಕಲ್."

ಪ್ರಾಸೆಸರಿನ ಮಟ್ಟಿಗೆ ಈ ಆಸ್ತಿಕತೆಗೆ ಆಧಾರವಿದೆ. ಕಂಪ್ಯೂಟರಿನಲ್ಲಿ ತೀರ ಅಪರೂಪಕ್ಕೆ ಕೆಡುವ ಭಾಗ ಅದು; ಸುತ್ತಲಿನವೆಲ್ಲ ಕೆಟ್ಟರೂ ಅದು ಬದುಕಿರುತ್ತದೆ. ಚೌಕಾಸಿ ಮುಗಿದು ಮಂಜೂರಾದ ಮೊತ್ತದೊಳಗೇ ವ್ಯಾಪಾರ ಕುದುರಿತು. ಆಗ ಹುಡುಗ ಮೆಲ್ಲಗೆ, "ಅಂಕಲ್, ಹಾರ್ಡ್ ಡಿಸ್ಕ್ ಹಳೇದಾ? ಎಸ್‌ಎಸ್‌ಡಿ ಹಾಕಿಸ್ಕೊಳ್ಳಿ. ನಿಮ್ ಗಾಡಿ ಎಳೀದೇ ಇರೋದು ಅದ್ರಿಂದ" ಎಂದ. ಎಸ್‌ಎಸ್‌ಡಿಯನ್ನೂ ತಂದೆ. ಐದು ಸಾವಿರದ ಬಜೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಅದು ಪೂರಕ ಅಂದಾಜಿನಲ್ಲಿ ಹೋಯಿತು. ವಿಧಾನಸೌಧದಲ್ಲಿ ಒಪ್ಪುವ ಪದ್ಧತಿಯನ್ನು ಮನೆಯವರೂ ಒಪ್ಪಬೇಕಲ್ಲ.

ಮನೆಯಲ್ಲಿ ಡಬ್ಬ ಬಿಚ್ಚಿದಾಗ ಧೂಳಿನ ಕಂಬಳಿಯೊಂದು ಹೊರಬಂತು. ಫ್ಯಾನಿನಡಿ ಹಚ್ಚಿದ್ದ ಪೇಸ್ಟು ಗಾರೆಯಾಗಿತ್ತು. ಎಡಕ್ಕೂ ಬಲಕ್ಕೂ ತುಸು ತಿರುಗಿಸಿದ ಮೇಲೆ ಬಿಟ್ಟುಕೊಟ್ಟಿತು. ಹೊಸ ಪೇಸ್ಟನ್ನು ಬಟಾಣಿ ಗಾತ್ರದಷ್ಟು ಹಾಕಬೇಕೆಂದು ಬಲ್ಲವರು ಹೇಳುತ್ತಾರೆ.

"ಒಣ ಬಟಾಣಿನೋ, ನೆನೆಸಿದ್ದೋ?" ಎಂದಳು ಮನೆಯವಳು.

ಜಗತ್ತಿನ ಅಷ್ಟೂ ಪರಿಣತರಿಗೆ ಹೊಳೆಯದ ಪ್ರಶ್ನೆ. ಎರಡಕ್ಕೂ ನಡುವೆ ದುಪ್ಪಟ್ಟು ವ್ಯತ್ಯಾಸವಿದೆ. ಕೊನೆಗೆ ಅವಳೇ ಒಣ ಕಾಳೊಂದನ್ನು ತಂದು ಮಾದರಿಗೆಂದು ಬೋರ್ಡಿನ ಅಂಚಿನಲ್ಲಿ ಇಟ್ಟಳು. ತೆರೆದ ಸಾಕೆಟ್ಟಿನೊಳಗೆ 1151 ಕೂದಲೆಳೆಯಂಥ ಸರಿಗೆಗಳು; ಒಂದು ಬಾಗಿದರೂ ಬೋರ್ಡಿಗೆ ಸಂಚಕಾರ. ಆ ಕಾಳು ಉರುಳಿದ್ದರೆ ಈ ಪ್ರಬಂಧದ ಧಾಟಿಯೇ ಬೇರೆಯಾಗುತ್ತಿತ್ತು. ಮೂಲೆಯ ಚಿನ್ನದ ತ್ರಿಕೋನಕ್ಕೆ ತ್ರಿಕೋನ ಕೂಡಿಸಿ, ಪ್ರಾಸೆಸರ್ ಇಳಿಸಿ, ಸನ್ನೆಯನ್ನು ಒತ್ತಿದೆ. ಕರಕರ ಸದ್ದಾಯಿತು. ಆ ಸದ್ದು ಸಹಜವೆಂದು ಮೊದಲೇ ಓದಿಕೊಂಡಿದ್ದೆ, ಆದರೂ ಕಣ್ಣು ಮುಚ್ಚಿಕೊಂಡೆ.

ಓಡಿತು. ಟಾಸ್ಕ್ ಮ್ಯಾನೇಜರಿನಲ್ಲಿ ಎಂಟು ಚೌಕಗಳು ಕಂಡವು. 'ನುಡಿ' ತೆರೆದು ಒಂದು ವಾಕ್ಯ ಟೈಪ್ ಮಾಡಿ ನೋಡಿದೆ, ಎಂಟೂ ನಿದ್ದೆಯಲ್ಲಿದ್ದವು. ಜೀವಿತ ಪ್ರಮಾಣಪತ್ರದ ಪುಟ ಮಾತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ಕಂಪ್ಯೂಟರು ಹೀಗೆ ಚುರುಕಾದದ್ದರಲ್ಲಿ ದೊಡ್ಡ ಪಾಲು ಎಸ್‌ಎಸ್‌ಡಿಯದೇ ಎಂದು ನನಗೂ ಗೊತ್ತು. ಆದರೆ ಅದರ ಹೆಸರಿನಲ್ಲಿ ಏಳು ಇಲ್ಲ, ಬಂದವರಿಗೆ ಹೇಳಿಕೊಳ್ಳಲು ಆಗುವುದಿಲ್ಲ. ವಿಂಡೋಸ್ 10 ಏನೋ 2025ರ ಅಕ್ಟೋಬರ್ 14ಕ್ಕೆ ನಿವೃತ್ತವಾಯಿತು. ಮನೆಬಳಕೆಯವರಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಪಡೆಯುವ ದಾರಿಯನ್ನು ಮೈಕ್ರೋಸಾಫ್ಟ್ ಇಟ್ಟಿದೆ. ನಮ್ಮ ಇಲಾಖೆಯಲ್ಲಿ ನನಗೆ ಸಿಗದ ಸೇವಾ ವಿಸ್ತರಣೆ ನನ್ನ ಕಂಪ್ಯೂಟರಿಗಾದರೂ ಸಿಕ್ಕಿತು.

ಮೊನ್ನೆ ಪಕ್ಕದ ಮನೆಯ ಹಿರಿಯರು ಮೊಮ್ಮಗನನ್ನು ಕರೆದುಕೊಂಡು ಬಂದರು. ಹುಡುಗ ನೇರ ಕಂಪ್ಯೂಟರಿನ ಹತ್ತಿರ ಹೋದ.

"ತಾತ, ಯಾವ ಪ್ರಾಸೆಸರ್?"

"ಐ ಸೆವೆನ್" ಎಂದೆ, ಆದಷ್ಟು ಸಹಜವಾಗಿ.

ಹುಡುಗನ ಹುಬ್ಬು ಮೇಲೇರಿತು. ಅಜ್ಜನೂ ಒಮ್ಮೆ ನನ್ನತ್ತ ಗೌರವದಿಂದ ನೋಡಿದರು.

"ಯಾವ ಜನರೇಷನ್?"

"ಪುಟ್ಟಾ, ನಿಮ್ಮ ತಾತಂಗೆ ಕಾಫಿಗೆ ಸಕ್ಕರೆ ಹಾಕ್ಬಹುದಾ ಕೇಳು" ಎಂದು ಅಡುಗೆಮನೆ ಕಡೆ ನಡೆದೆ.