ಶಬ್ದಪ್ರಮಾಣ: ಹಿಂಗಾಲಿಯ ಬೇರಿಂಗನ್ನು ಕುರಿತು ಒಂದು ಮೀಮಾಂಸೆ

ನಮ್ಮ ಪುರಾಣಗಳಲ್ಲಿ ಗಾಲಿರಿಪೇರಿಯ ಮೊದಲ ಉಲ್ಲೇಖ ಯಾವುದು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಈ ಕ್ಷೇತ್ರದಲ್ಲಿ ಇರುವ ವಿದ್ವಾಂಸ ನಾನೊಬ್ಬನೇ, ಆದರೂ ಇಲ್ಲ. ಕೆಲವರು ಕರ್ಣನತ್ತ ಕೈ ತೋರಿಸುತ್ತಾರೆ. ಅದು ಗಾಲಿ ಹೂತ ಪ್ರಕರಣ, ರಸ್ತೆ ಇಲಾಖೆಗೆ ಸೇರಿದ್ದು. ಪ್ರಕೃತಕ್ಕೆ ಒದಗುವವಳು ಕೈಕೇಯಿ. ಯುದ್ಧದ ನಡುವೆ ದಶರಥನ ರಥದ ಕಡಾಣಿ ಕಳಚಿದಾಗ ಆ ಜಾಗದಲ್ಲಿ ಬೆರಳಿಟ್ಟಳಂತೆ. ಬಿಡಿಭಾಗಕ್ಕೆ ಕಾಸಿಲ್ಲ, ಕೂಲಿ ಎರಡು ವರ. ಬಿಲ್ಲು ಕೈಗೆ ಬಂದಾಗ ಹದಿನಾಲ್ಕು ವರ್ಷ ವನವಾಸ. ಕೂಲಿಯ ಈ ಪೂರ್ವೇತಿಹಾಸವನ್ನು ಬಲ್ಲ ಪ್ರಬಂಧಕಾರನು ರಿಪೇರಿಯನ್ನು ತಾನೇ ಮಾಡಲು ನಿಶ್ಚಯಿಸಿದನು.

ಪ್ರಮೇಯ: 1990ರ ಮಾಜ್ದಾ ಮಿಯಾಟಾ. ಎರಡೇ ಸೀಟು, ಮಡಚುವ ಚಾವಣಿ, ಎಳೆಯುವುದು ಹಿಂಗಾಲಿ. ಹುಟ್ಟಿದ್ದು ಹಿರೋಷಿಮಾ, ಬೆಳೆದದ್ದು ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುವ ಮಿಷಿಗನ್. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಬೇರಿಂಗೂ ಸೀಲಿನ ಸಂದಿಯಿಂದ ಕುಡಿಯಿತು.

ಪ್ರಮಾಣಗಳಲ್ಲಿ ಇಲ್ಲಿ ಶಬ್ದಕ್ಕೇ ಅಗ್ರಪೂಜೆ. ತರ್ಕಶಾಸ್ತ್ರದಲ್ಲಿ ಶಬ್ದವೆಂದರೆ ಆಪ್ತವಾಕ್ಯ. ಈ ಶಾಸ್ತ್ರದಲ್ಲಿ ಗೊಂಯ್ ಎಂಬ ಸದ್ದು. ಟೈರಿನದಿರಬಹುದಲ್ಲ ಎಂಬುದು ಪೂರ್ವಪಕ್ಷ. ಟೈರಿನ ಸದ್ದು ರಸ್ತೆ ಬದಲಾದಂತೆ ರಾಗ ಬದಲಿಸುತ್ತದೆ, ಬೇರಿಂಗಿನದು ವೇಗಕ್ಕೆ ಮಾತ್ರ ನಿಷ್ಠ ಎಂಬುದು ಸಿದ್ಧಾಂತ. ಎಡಕ್ಕೆ ತಿರುಗಿಸಿದಾಗ ಭಾರವೆಲ್ಲ ಬಲಕ್ಕೆ ಬೀಳುತ್ತದೆ. ಆಗ ಗೊಣಗಾಟ ಏರಿತಾದ್ದರಿಂದ ಬಲಗಾಲಿಯೇ ಅಪರಾಧಿ. ಪಕ್ಕದ ಸೀಟಿನಲ್ಲಿದ್ದ ಅಪ್ಪ ಬೇರೊಂದು ದರ್ಶನಕ್ಕೆ ಸೇರಿದವರು.

"ಕೀಲೆಣ್ಣೆ ಹಾಕಿದ್ಯೇನೋ?"

"ಇದು ಸೀಲ್ ಮಾಡಿದ ಬೇರಿಂಗು ಅಪ್ಪಾ, ಎಣ್ಣೆ ಹಾಕೋಕೆ ತೂತೇ ಇಲ್ಲ."

"ತೂತಿಲ್ದೆ ಉಪ್ಪುನೀರು ಹೆಂಗೆ ಹೋಯ್ತು?"

ಈ ಆಕ್ಷೇಪಕ್ಕೆ ಸಮಾಧಾನವನ್ನು ಮುಂದಿನ ಸಂಪುಟದಲ್ಲಿ ಕೊಡಲಾಗುವುದು.

ಈ ಕಾರಿನ ಮುಂಗಾಲಿಯ ಬೇರಿಂಗು ಹಬ್ ಸಮೇತ ಇಡಿಯಾಗಿ ಸಿಗುತ್ತದೆ. ಬಿಚ್ಚು, ಹಾಕು, ಅದರಲ್ಲಿ ಮೀಮಾಂಸೆಗೆ ಎಡೆಯಿಲ್ಲ. ಹಿಂಗಾಲಿಯದು ಎರಕದ ಗೂಡಿನೊಳಗೆ ಒತ್ತಿ ಕೂರಿಸಿದ್ದು, ಅದರೊಳಗೆ ಹಬ್ಬನ್ನೂ ಒತ್ತಿದ್ದು. ಹೊರಬರಲು ಮೊದಲು ಅಚ್ಚಿನ 29 ಮಿಲಿಮೀಟರಿನ ನಟ್ಟು ಸಡಿಲಬೇಕು, ಅದೂ ಗಾಲಿ ನೆಲದ ಮೇಲಿರುವಾಗಲೇ. ಜಾಕಿ ಏರಿಸಿದ ಮೇಲೆ ಇದು ನೆನಪಾಗುವುದು ಸಂಪ್ರದಾಯ. ಪ್ರಬಂಧಕಾರನೂ ಅದನ್ನು ಮೀರಲಿಲ್ಲ. ಇನ್ನು ಕೆಳತೋಳಿನ ಉದ್ದನೆಯ ಬೋಲ್ಟು ತುಕ್ಕು ಹಿಡಿದು ಬುಷ್ಷಿನೊಡನೆ ಅದ್ವೈತ ಸಾಧಿಸಿತ್ತು. ಸುತ್ತಿಗೆ, ಬೆಂಕಿ ಮತ್ತು ಅಚ್ಚಿಗೆ ಯೋಗ್ಯವಲ್ಲದ ಕನ್ನಡದಿಂದ ಶನಿವಾರ ಸಂಜೆಗೆ ದ್ವೈತ ಸ್ಥಾಪನೆಯಾಯಿತು.

ಭಾನುವಾರ ಪ್ರೆಸ್ಸಿನಲ್ಲಿ ಹಬ್ ಹೊರಬಂತು. ಜತೆಗೆ ಬೇರಿಂಗಿನ ಅರ್ಧ ಒಳಬಳೆಯೂ ಹಬ್ಬನ್ನು ಅಪ್ಪಿಕೊಂಡೇ ಬಂತು. ಇದನ್ನು ಗ್ರೈಂಡರಿನಿಂದ ಕಚ್ಚು ಹಾಕಿ, ಉಳಿಯಿಟ್ಟು ಒಡೆಯಬೇಕು. ಹಬ್ಬಿಗೆ ಗೀರು ಬಿದ್ದರೆ ಅದು ಗ್ರಂಥಕರ್ತನ ಸಹಿ.

ಹೊಸ ಬೇರಿಂಗನ್ನು ರಾತ್ರಿಯಿಡೀ ಫ್ರೀಜರಿನಲ್ಲಿ, ಹಿತಕಿದ ಅವರೆಕಾಳಿನ ಪಕ್ಕದಲ್ಲಿ ಮಲಗಿಸಿದ್ದೆ. ತಣ್ಣಗಾದರೆ ಕೂದಲೆಳೆಯಷ್ಟಕ್ಕಿಂತ ಕಡಿಮೆ ಕುಗ್ಗುತ್ತದೆ. ಆ ಕೊಂಚದಲ್ಲೇ ಮೋಕ್ಷ. ಇಲ್ಲಿ ಎರಡು ಪಂಥಗಳುಂಟು. ಹೊರಬಳೆಯನ್ನೇ ಒತ್ತು ಎನ್ನುವವರು, ಒಳಬಳೆಗೇ ಆಸರೆ ಕೊಡು ಎನ್ನುವವರು. ಇಬ್ಬರೂ ಸರಿ: ಬೇರಿಂಗನ್ನು ಗೂಡಿಗೆ ಕೂರಿಸುವಾಗ ಮೊದಲಿನವರು, ಹಬ್ಬನ್ನು ಬೇರಿಂಗಿಗೆ ಕೂರಿಸುವಾಗ ಎರಡನೆಯವರು. ಅದಲುಬದಲಾದರೆ ಪ್ರೆಸ್ಸಿನ ಟನ್ನುಗಟ್ಟಲೆ ಭಾರ ಗುಂಡುಗಳ ಮೂಲಕ ಹಾದು ಬಳೆಗಳಲ್ಲಿ ಕುಳಿ ಬೀಳುತ್ತದೆ. ಹೊಸ ಬೇರಿಂಗು ಹುಟ್ಟುತ್ತಲೇ ಹಾಡುತ್ತದೆ. ಬೇರಿಂಗು ಕೂತ ಮೇಲೆ, ಹಬ್ ಒತ್ತುವ ಮೊದಲು, ಸರ್ಕ್ಲಿಪ್ಪನ್ನು ಮರೆಯಬಾರದು. ಇದು ಅನುಭವವಾಕ್ಯ, ಹೆಚ್ಚು ಕೇಳಬೇಡಿ.

ಕೊನೆಗೆ ಹೊಸ ನಟ್ಟು. ಬಿಗಿಯ ಪ್ರಮಾಣ 216ರಿಂದ 294 ನ್ಯೂಟನ್ ಮೀಟರ್ ಎನ್ನುತ್ತದೆ ಕೈಪಿಡಿ. ಇಷ್ಟು ಉದಾರವಾದ ಸೂತ್ರವನ್ನು ನಾನು ಬೇರಾವ ಶಾಸ್ತ್ರದಲ್ಲೂ ಕಂಡಿಲ್ಲ.

ಸದ್ದು ನಿಂತಿದೆ. ಇದನ್ನು ಅಪ್ಪನಿಗೆ ಸಪ್ರಮಾಣವಾಗಿ ನಿರೂಪಿಸಲು ಹೋದೆ. ಅವರು ಗ್ಯಾರೇಜಿನ ಬಾಗಿಲಲ್ಲಿ ಲುಂಗಿ ಹರಡಿ ಕೂತು, ಹಳೆಯ ಬೇರಿಂಗಿನಿಂದ ಚೆಲ್ಲಿದ ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಂದೊಂದಾಗಿ ಒರೆಸುತ್ತಿದ್ದರು, ಮೊಮ್ಮಗನಿಗೆ ಗೋಲಿಯಾಡಲು.

"ಆ ಸಾಲಿಗಿಂತ ಈ ಸಾಲಲ್ಲಿ ಒಂದು ಕಮ್ಮಿ ಇದೆ," ಎಂದರು. "ಹೊಸದರ ಒಳಗೇನಾದ್ರೂ ಸೇರಿಸಿಬಿಟ್ಯೇನೋ ನೋಡು."